ಕುಂಡದಲ್ಲಿ ಒಂದೆಲಗ: ಗೆಣ್ಣು ನೆಡುವುದರಿಂದ ಎಲೆ ಕೊಯ್ಯುವವರೆಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಒಂದೆಲಗ ತಂದು ನೆಟ್ಟೆವು. ಮೊದಲು ಚೆನ್ನಾಗಿಯೇ ಹಬ್ಬಿತು. ಆಮೇಲೆ ಎಲೆ ಸಣ್ಣಗಾಗಿ, ಹಳದಿಯಾಗಿ, ನಡುವೆ ಬೋಳಾಗಿ ಹೋಯಿತು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ?" ನೀರಿನದೂ ಪಾಲಿರಬಹುದು. ಆದರೆ ಹೆಚ್ಚಿನ ಸಲ ತಪ್ಪಿರುವುದು ಕುಂಡದ ಆಕಾರದಲ್ಲಿ, ಮತ್ತು ನೆಟ್ಟ ಗಿಡವನ್ನು ವರ್ಷಗಟ್ಟಲೆ ಹಾಗೇ ಬಿಟ್ಟುಬಿಡುವುದರಲ್ಲಿ. ಒಂದೆಲಗ ನಿಂತಲ್ಲೇ ದೊಡ್ಡದಾಗುವ ಗಿಡವಲ್ಲ. ನೆಲದ ಮೇಲೆ ಹರಿಯುತ್ತಾ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು, ಅಲ್ಲಲ್ಲೇ ಹೊಸ ಗಿಡವಾಗುತ್ತಾ ಹೋಗುವುದು ಅದರ ಸ್ವಭಾವ. ಹರಿಯಲು ಜಾಗವಿಲ್ಲದಿದ್ದರೆ ಎಷ್ಟು ಗೊಬ್ಬರ ಸುರಿದರೂ ಸೊರಗುತ್ತದೆ.

ಕೊತ್ತಂಬರಿ, ಜೀರಿಗೆ, ಕ್ಯಾರೆಟ್, ಪಾರ್ಸ್ಲಿ ಇರುವ ಏಪಿಯೇಸಿ ಕುಟುಂಬಕ್ಕೆ ಸೇರಿದ ಗಿಡವಿದು. ಆದರೆ ಕೊತ್ತಂಬರಿಯಂತೆ ಹೂ ಬಿಟ್ಟು ಕಾಯಿ ಕಟ್ಟಿ ಮುಗಿದುಹೋಗುವುದಿಲ್ಲ. ಬಹುವಾರ್ಷಿಕ, ಎಂದರೆ ವರ್ಷದಿಂದ ವರ್ಷಕ್ಕೆ ಬದುಕುವ ಗಿಡ. ಸಾಕುವ ರೀತಿ ಬೇರೆಯಾಗುವುದೂ ಇದರಿಂದಲೇ.

ಮೊದಲು, ತಂದಿರುವುದು ಒಂದೆಲಗವೇ ನೋಡಿ

ತಿನ್ನಲು ಬೆಳೆಸುವುದಾದರೆ ಈ ಹೆಜ್ಜೆ ಬಿಡಲೇಬೇಡಿ. ಒಂದು ಎಲೆಯನ್ನು ತಿರುಗಿಸಿ ಹಿಡಿದು, ತೊಟ್ಟು ಎಲ್ಲಿ ಸೇರಿದೆ ಎಂದು ನೋಡಿ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು, ಸಾಮಾನ್ಯವಾಗಿ 2ರಿಂದ 5 ಸೆಂ.ಮೀ. ಅಗಲ. ಬುಡದಲ್ಲಿ ಒಂದು ಸೀಳು, ಆ ಸೀಳಿನ ಒಳತುದಿಗೆ ತೊಟ್ಟು ಅಂಟಿರುತ್ತದೆ. ನರಗಳೆಲ್ಲ ಅಲ್ಲಿಂದಲೇ ಬೆರಳುಗಳಂತೆ ಹರಡುತ್ತವೆ. ಅಂಚಿನಲ್ಲಿ ದುಂಡನೆಯ ಸಣ್ಣ ಹಲ್ಲುಗಳು. ತೊಟ್ಟು ಎಲೆಯ ನಟ್ಟನಡುವೆ, ಕೊಡೆಯ ಕೋಲಿನಂತೆ ಸೇರಿದ್ದರೆ ಅದು ಒಂದೆಲಗವಲ್ಲ. ಅಕ್ವೇರಿಯಂ ಮತ್ತು ಕೊಳಗಳ ಅಂಚಿಗೆ ಮಾರುವ ಹೈಡ್ರೋಕೋಟೈಲ್ ಜಾತಿಯ ಅಲಂಕಾರದ ಗಿಡ.

ನರ್ಸರಿಯ ಚೀಟಿ ಇಲ್ಲಿ ಗೊಂದಲ ಹುಟ್ಟಿಸುತ್ತದೆ. 1753ರಲ್ಲಿ ಲಿನೇಯಸ್ ಒಂದೆಲಗಕ್ಕೆ ಹೈಡ್ರೋಕೋಟೈಲ್ ಏಷ್ಯಾಟಿಕಾ ಎಂದೇ ಹೆಸರಿಟ್ಟಿದ್ದ. 1879ರಲ್ಲಿ ಅದು ಸೆಂಟೆಲ್ಲಾ ಏಷ್ಯಾಟಿಕಾ ಆಯಿತು. ಹಳೆಯ ಹೆಸರು ಪೂರ್ತಿ ಬರೆದಿದ್ದರೆ ಗಿಡ ಸರಿಯಾದದ್ದೇ ಇರಬಹುದು. ಬರೀ ಹೈಡ್ರೋಕೋಟೈಲ್ ಎಂದಿದ್ದರೆ ತೊಟ್ಟು ನೋಡದೆ ಕೊಳ್ಳಬೇಡಿ. ಆ ಜಾತಿಯ ಕೆಲವು ಚಿಕ್ಕ ಗಿಡಗಳ ಎಲೆಯಲ್ಲೂ ಬುಡದ ಸೀಳು ಇರುತ್ತದೆ. ಅವುಗಳ ಎಲೆ ಒಂದೆರಡು ಸೆಂ.ಮೀ. ಮೀರುವುದಿಲ್ಲ, ಹೊಳಪು ಜಾಸ್ತಿ, ಅಂಚು ಐದಾರು ಪಾಲಾಗಿ ಸೀಳಿರುತ್ತದೆ.

'ಬ್ರಾಹ್ಮಿ' ಎಂಬ ಹೆಸರನ್ನು ನಂಬಿಯೂ ಕೊಳ್ಳಬೇಡಿ, ಎರಡು ಬೇರೆ ಗಿಡಗಳಿಗೆ ಅದೇ ಹೆಸರಿದೆ. ನೀರುಬ್ರಾಹ್ಮಿಯ ಎಲೆ ದಪ್ಪ, ಉದ್ದುದ್ದ, ಕಾಂಡದ ಮೇಲೆ ಎದುರುಬದುರಾಗಿ ಜೋಡಿ ಜೋಡಿ, ಕುಟುಂಬವೂ ಬೇರೆ. ಚಳಿ ದೇಶಗಳಲ್ಲಿ ಇರುವವರಿಗೆ ಇನ್ನೊಂದು ಎಚ್ಚರ: ಒದ್ದೆ ನೆಲದಲ್ಲಿ ಹೃದಯದಾಕಾರದ ಹೊಳಪಿನ ಎಲೆ, ಹಳದಿ ಹೂವಿನ ಲೆಸರ್ ಸೆಲಾಂಡೈನ್ ಎಂಬ ಗಿಡ ಸಿಗುತ್ತದೆ. ಹಸಿಯಾಗಿ ತಿಂದರೆ ಅದು ವಿಷ. ಒಂದೆಲಗದ ಹೂ ಎಂದೂ ಹಳದಿಯಲ್ಲ. ಮೂರ್ನಾಲ್ಕು ಹೂಗಳ ಪುಟ್ಟ ಗೊಂಚಲು, ತಿಳಿ ಗುಲಾಬಿಯಿಂದ ನೇರಳೆಗೆಂಪು, ಎಲೆಗಳ ಅಡಿಯಲ್ಲಿ ಮಣ್ಣಿಗೆ ಅಂಟಿಕೊಂಡಂತೆ ಇರುತ್ತದೆ. ಬಗ್ಗಿ ಎಲೆ ಸರಿಸಿದರೆ ಮಾತ್ರ ಕಾಣುತ್ತದೆ. ಹಾಗಾಗಿ "ನಮ್ಮ ಗಿಡ ಹೂ ಬಿಡುವುದೇ ಇಲ್ಲ" ಎನ್ನುವವರಲ್ಲಿ ಹೆಚ್ಚಿನವರು ನೋಡಿರುವುದಿಲ್ಲ, ಅಷ್ಟೇ.

ಬೇಕಾಗುವ ಸಾಮಾನು

40 ಸೆಂ.ಮೀ. ಅಗಲದ ಒಂದು ಕುಂಡದ ಲೆಕ್ಕ ಇದು:

- ತೂತುಗಳಿರುವ ಅಗಲ ಕುಂಡ, ಆಳ 15ರಿಂದ 20 ಸೆಂ.ಮೀ.
- ತೋಟದ ಮಣ್ಣು 9 ಲೀಟರ್
- ಪೂರ್ತಿ ಕಳಿತ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ 4.5 ಲೀಟರ್
- ದಪ್ಪ ಮರಳು 4.5 ಲೀಟರ್
- ಬೇವಿನ ಹಿಂಡಿ ಒಂದು ಹಿಡಿ, ಸುಮಾರು 50 ಗ್ರಾಂ
- ಗೆಣ್ಣುಗಳಿರುವ ಬಳ್ಳಿಯ ತುಂಡು 5
- ಬಳ್ಳಿ ಒತ್ತಿ ಹಿಡಿಯಲು ಯು ಆಕಾರಕ್ಕೆ ಬಗ್ಗಿಸಿದ ತಂತಿ ಅಥವಾ ಕವಲುಕಡ್ಡಿ
- ಬಿಸಿಲು ಜೋರಿದ್ದರೆ ಶೇ. 50ರ ನೆರಳು ಪರದೆ

ಹಂತ 1: ಕುಂಡ ಮತ್ತು ಮಣ್ಣು

ಆಳ ಬೇಡ, ಅಗಲ ಬೇಕು. ಬಕೆಟ್ಟಿನಂಥ ಆಳದ ಕುಂಡದಲ್ಲಿ ಬಳ್ಳಿ ವಾರಗಳಲ್ಲೇ ಅಂಚು ದಾಟಿ ಗಾಳಿಯಲ್ಲಿ ತೂಗಾಡುತ್ತದೆ. ಗಾಳಿಯಲ್ಲಿರುವ ಗೆಣ್ಣು ಬೇರಿಳಿಸಲಾಗದು, ಅದರ ಎಲೆ ಸಣ್ಣದಾಗಿಯೇ ಉಳಿಯುತ್ತದೆ. ಕೆಳಗಿನ ಮಣ್ಣಿಗೋ ಬೇರು ತಲುಪುವುದೇ ಇಲ್ಲ; ಅಲ್ಲಿ ಒದ್ದೆ ನಿಂತು ಹುಳಿಯುತ್ತದೆ. ಅಗಲದ ಟ್ರೇ, ಹಳೆಯ ಟಬ್ಬು, ಉದ್ದನೆಯ ಕುಂಡ, ಯಾವುದಾದರೂ ಸರಿ. ಟಬ್ಬಾದರೆ ತಳಕ್ಕೆ 8ರಿಂದ 10 ತೂತು ಕೊರೆಯಿರಿ, ಒಂದೊಂದೂ ಬೆರಳಿನ ದಪ್ಪದ್ದು.

ತಳದಲ್ಲಿ ಜಲ್ಲಿ ಹರಡುವ ಅಭ್ಯಾಸವಿದ್ದರೆ ಇಲ್ಲಿ ಬಿಟ್ಟುಬಿಡಿ. ಜಲ್ಲಿಯಿಂದ ನೀರು ಬೇಗ ಬಸಿಯುವುದಿಲ್ಲ. ಮಣ್ಣು ಮತ್ತು ಜಲ್ಲಿ ಸೇರುವ ಕಡೆ ನೀರು ತಡೆದು ನಿಂತು, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಮೊದಲೇ ಆಳ ಕಡಿಮೆ ಇರುವ ಕುಂಡದಲ್ಲಿ ಇದು ನೇರ ನಷ್ಟ. ತೂತಿನ ಮೇಲೆ ಜಾಲರಿಯ ತುಂಡು ಹಾಕಿದರೆ ಸಾಕು.

ಮಣ್ಣು, ಕಾಂಪೋಸ್ಟ್, ಮರಳು, ಹಿಂಡಿ ಬೆರೆಸಿ, ತುಸು ಒದ್ದೆ ಮಾಡಿ ಒಂದು ವಾರ ಬಿಡಿ. ಹಿಂಡಿ ಕೊಳೆಯಲು ಶುರುವಾದಾಗ ಬಿಸಿ ಏಳುತ್ತದೆ; ಎಳೆಯ ಬೇರಿಗೆ ಅದು ಆಗದು. ಮರಳಿನ ಬದಲು ತೆಂಗಿನ ನಾರಿನ ಪುಡಿ ಹಾಕಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ಒಣಹವೆಯವರಿಗೆ ಒಳ್ಳೆಯದು. ಮಳೆ ಹೆಚ್ಚಿರುವ ಕಡೆ ಮರಳೇ ಸರಿ.

ಮಣ್ಣು ಎಲ್ಲಿಂದ ತಂದಿರಿ ಎನ್ನುವುದು ಈ ಗಿಡದ ಮಟ್ಟಿಗೆ ತುಂಬಾ ಮುಖ್ಯ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಮಣ್ಣಿನಲ್ಲಿದ್ದರೆ ಒಂದೆಲಗ ಅವನ್ನು ಹೀರಿಕೊಂಡು ಬೇರಿನಲ್ಲೂ ಎಲೆಯಲ್ಲೂ ಕೂಡಿಡುತ್ತದೆ. ಗಿಡ ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹೆದ್ದಾರಿಯ ಅಂಚು, ಗ್ಯಾರೇಜಿನ ಹಿಂಭಾಗ, ಹಳೆಯ ಬಣ್ಣ ಉದುರುವ ಗೋಡೆಯ ಬುಡ, ಕಾರ್ಖಾನೆಯ ಪಕ್ಕದ ಚರಂಡಿ, ಇಲ್ಲಿಂದೆಲ್ಲ ಮಣ್ಣನ್ನೂ ತರಬೇಡಿ, ಎಲೆಯನ್ನೂ ಕೀಳಬೇಡಿ.

ಹಂತ 2: ನೆಡುವುದು

ಬೀಜದಿಂದ ಶುರು ಮಾಡಬೇಡಿ. ಮೊಳಕೆ ನಿಧಾನ, ಒಂದು ಬಂದರೆ ಇನ್ನೊಂದಿಲ್ಲ. ಬಳ್ಳಿಯ ತುಂಡೇ ಸುಲಭ.

ತುಂಡಿನಲ್ಲಿ ಗೆಣ್ಣು ಇರಲೇಬೇಕು. ಗೆಣ್ಣೆಂದರೆ ಬಳ್ಳಿಯ ಮೇಲೆ ಎಲೆ ಹುಟ್ಟುವ ಉಬ್ಬು; ಕೆಳಗೆ ಬೇರು, ಮೇಲೆ ಚಿಗುರು ಹೊರಡುವುದು ಅಲ್ಲಿಂದ. ಕಟ್ಟಿನಲ್ಲಿ ಬಂದ ಎಲೆಗಳ ತೊಟ್ಟನ್ನು ನೀರಲ್ಲಿಟ್ಟು ಕಾಯುವವರಿದ್ದಾರೆ. ತೊಟ್ಟು ದಿನಗಟ್ಟಲೆ ಹಸಿರಾಗಿರುತ್ತದೆ, ಆದರೆ ಅದರಲ್ಲಿ ಮೊಗ್ಗಿಲ್ಲ, ಗಿಡವಾಗದು. ಅದೇ ಕಟ್ಟಿನಲ್ಲಿ ಬೇರು ಹತ್ತಿದ ಬಳ್ಳಿಯ ಚೂರು ಸಿಕ್ಕಿದರೆ ತೆಗೆದಿಡಿ, ಅದು ಕೆಲಸಕ್ಕೆ ಬರುತ್ತದೆ.

1. ಎರಡು ಮೂರು ಗೆಣ್ಣುಗಳಿರುವ, 10ರಿಂದ 15 ಸೆಂ.ಮೀ. ಉದ್ದದ ತುಂಡು ಕತ್ತರಿಸಿ. ಬಳ್ಳಿಯ ತುದಿಯ ಕಡೆಯದಾದರೆ ಒಳ್ಳೆಯದು; ಬುಡದ ಹಳೆಯ ಭಾಗ ನಿಧಾನ.
2. ಗೆಣ್ಣಿಗೆ ಒಂದೇ ಎಲೆ ಉಳಿಸಿ, ಮಿಕ್ಕಿದ್ದು ಕತ್ತರಿಸಿ. ಬೇರು ಬರುವ ಮೊದಲು ಎಲೆ ಹೆಚ್ಚಿದ್ದರೆ ಆವಿಯಾಗುವ ನೀರನ್ನು ತುಂಡು ತುಂಬಿಕೊಳ್ಳಲಾರದು.
3. ಒದ್ದೆ ಮಣ್ಣಿನ ಮೇಲೆ ಅಡ್ಡಲಾಗಿ ಮಲಗಿಸಿ. ಗೆಣ್ಣು ಮಾತ್ರ ಅರ್ಧದಿಂದ ಒಂದು ಸೆಂ.ಮೀ. ಮಣ್ಣಿಗಿಳಿಯಲಿ. ಕುಡಿ ಮೇಲೇ ಇರಬೇಕು. ಕುಡಿ ಹೂಳಿದರೆ ಕೊಳೆಯುತ್ತದೆ, ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಹೆಚ್ಚು.
4. ತಂತಿಯಿಂದ ಒತ್ತಿ ಹಿಡಿಯಿರಿ. ಗೆಣ್ಣು ಮಣ್ಣಿಗೆ ತಾಗಿ ಅಲುಗಾಡದೆ ಇದ್ದರೆ ಬೇರು ಬೇಗ.
5. ತುಂಡಿನಿಂದ ತುಂಡಿಗೆ 15 ಸೆಂ.ಮೀ. ಅಂತರ. ನಡುವೆ ಒಂದು, ಸುತ್ತ ನಾಲ್ಕು.
6. ಏಳರಿಂದ ಹತ್ತು ದಿನ ಪೂರ್ತಿ ನೆರಳಲ್ಲಿಡಿ, ಮೇಲ್ಮಣ್ಣು ಒಣಗಲು ಬಿಡಬೇಡಿ.

ಇದ್ದ ಎಲೆ ಬಾಡಿದರೆ ಗಾಬರಿ ಬೇಡ. ಎರಡು ವಾರದೊಳಗೆ ಗೆಣ್ಣಿನಿಂದ ಮಡಿಸಿದ ಬೀಸಣಿಗೆಯಂಥ ಪುಟ್ಟ ಹೊಸ ಎಲೆ ಹೊರಟರೆ ಬೇರು ಹಿಡಿದಿದೆ ಎಂದರ್ಥ. ಎಳೆದು ಪರೀಕ್ಷೆ ಮಾಡಬೇಡಿ.

ಹಂತ 3: ಬೆಳಕು

ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು, ಆಮೇಲೆ ನೆರಳು. ಇಲ್ಲದಿದ್ದರೆ ದಿನವಿಡೀ ಪರದೆಯಡಿ. ಸರಿಯಾಯಿತೋ ಇಲ್ಲವೋ ಎಂದು ಗಿಡವೇ ತೊಟ್ಟಿನಲ್ಲಿ ತೋರಿಸುತ್ತದೆ. ತೊಟ್ಟು 20 ಸೆಂ.ಮೀ. ದಾಟಿ ಉದ್ದವಾಗಿ, ಎಲೆ ತೆಳ್ಳಗಾಗಿ ಒಂದರ ಮೇಲೊಂದು ಬೀಳುತ್ತಿದ್ದರೆ ಬೆಳಕು ಸಾಲದು. ತೊಟ್ಟು ಗಿಡ್ಡವಾಗಿ ಕೆಂಪಡರಿ, ಎಲೆ ನಾಣ್ಯದಷ್ಟಾಗಿ ಅಂಚು ಒಣಗುತ್ತಿದ್ದರೆ ಬಿಸಿಲು ಹೆಚ್ಚು. ಚಳಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತಂತೆಯೇ. ಹಿಮ ಬೀಳುವ ಕಡೆ ಕುಂಡವನ್ನು ಒಳಗಿಡಿ.

ಹಂತ 4: ನೀರು

"ಹಳ್ಳದ ಬದಿಯಲ್ಲಿ ನೀರಲ್ಲೇ ಬೆಳೆಯುತ್ತದಲ್ಲ, ಕುಂಡದಲ್ಲಿ ನೀರು ನಿಂತರೇನು?" ಎಂದು ಕೇಳುವವರಿಗೆ: ಹರಿಯುವ ನೀರಿನಲ್ಲಿ ಗಾಳಿ ಬೆರೆತಿರುತ್ತದೆ, ಬಳ್ಳಿ ಒಣ ಜಾಗ ಹುಡುಕಿಕೊಂಡು ಹೋಗಲೂ ದಾರಿಯಿರುತ್ತದೆ. ಕುಂಡದಲ್ಲಿ ನಿಂತ ನೀರು ಮಣ್ಣಿನೊಳಗಿನ ಗಾಳಿಯನ್ನೆಲ್ಲ ಹೊರದೂಡುತ್ತದೆ, ಉಸಿರಾಡಲಾಗದ ಬೇರು ಕೊಳೆಯುತ್ತದೆ. ಸದಾ ತೇವ ಬೇಕು, ಕೆಸರು ಬೇಡ.

ಬೆರಳನ್ನು 2 ಸೆಂ.ಮೀ. ಇಳಿಸಿ. ತಂಪಾಗಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಬಸಿಯುವವರೆಗೆ ಹಾಕಿ. ಆಳವಿಲ್ಲದ ಕುಂಡ ಬೇಗ ಒಣಗುತ್ತದೆ, ಕಡು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವೂ ಬೇಕಾದೀತು. ಮಧ್ಯಾಹ್ನ ಎಲೆ ಜೋತುಬಿದ್ದು, ಮಣ್ಣು ಮಾತ್ರ ತೇವವಾಗಿದ್ದರೆ ಸುಮ್ಮನಿರಿ. ಸಂಜೆಗೆ ತಾನೇ ಏಳುತ್ತದೆ. ಆಗ ನೀರು ಸುರಿದೇ ಹಲವರು ಗಿಡ ಕಳೆದುಕೊಳ್ಳುವುದು. ಊರಿಗೆ ಹೋಗುವಾಗ ಕುಂಡದಡಿಯ ತಟ್ಟೆಯಲ್ಲಿ ಒಂದೆರಡು ಸೆಂ.ಮೀ. ನೀರು ನಿಲ್ಲಿಸಬಹುದು. ಅದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಒಣಗಿಸದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಹಂತ 5: ಗೊಬ್ಬರ

ತಿಂಗಳಿಗೊಮ್ಮೆ, ಕೊಯ್ಲಾದ ಮೇಲೆ, ಎರಡು ಹಿಡಿ ಎರೆಹುಳು ಗೊಬ್ಬರವನ್ನು ಬಳ್ಳಿಗಳ ನಡುವೆ ತೆಳ್ಳಗೆ ಉದುರಿಸಿ ನೀರು ಹಾಕಿ. ಕುಡಿಗಳ ಮೇಲೆ ರಾಶಿ ಮಾಡಬೇಡಿ. ಹಸಿ ಸಗಣಿ, ಹಸಿ ಕೋಳಿಗೊಬ್ಬರ ಬೇಡವೇ ಬೇಡ. ಈ ಎಲೆ ಮಣ್ಣಿಗೆ ತಾಗಿಯೇ ಬೆಳೆಯುವುದರಿಂದ ರೋಗಾಣು ನೇರವಾಗಿ ಎಲೆಗೆ ಬರುತ್ತದೆ. ಹಸಿ ಗೊಬ್ಬರ ಹಾಕಿದ ಮಣ್ಣೇ ಆಗಿದ್ದರೆ 120 ದಿನ ಕಳೆಯದೆ ಅದರಲ್ಲಿ ಕೊಯ್ಯಬಾರದು.

ಹಂತ 6: ಕೊಯ್ಲು, ತೊಳೆಯುವುದು

ನೆಟ್ಟ 60ರಿಂದ 75 ದಿನಕ್ಕೆ ಮೊದಲ ಕೊಯ್ಲು. ಕತ್ತರಿಯಿಂದ ತೊಟ್ಟನ್ನು ಮಣ್ಣಿನಿಂದ 2-3 ಸೆಂ.ಮೀ. ಮೇಲೆ ಕತ್ತರಿಸಿ. ಕೈಯಲ್ಲಿ ಎಳೆದರೆ ಗೆಣ್ಣೇ ಬೇರುಸಮೇತ ಕಿತ್ತುಬರುತ್ತದೆ, ಅಲ್ಲಿಗೆ ಒಂದು ಗಿಡ ಹೋದಂತೆ. ಬಲಿತ ಎಲೆ ಮೊದಲು. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಮೂರು ನಾಲ್ಕು ವಾರಕ್ಕೆ ಮತ್ತೆ ಕೊಯ್ಯಬಹುದು.

ಮರಳು ಉಳಿಯುವುದು ಎಲೆಯ ಬುಡದ ಸೀಳಿನಲ್ಲಿ. ಪಾತ್ರೆಯಲ್ಲಿ ಮುಳುಗಿಸಿ ಅಲುಗಿಸಿ, ಎಲೆಯನ್ನು ಮೇಲಿಂದ ಎತ್ತಿಕೊಳ್ಳಿ, ನೀರು ಚೆಲ್ಲಿ, ಮೂರು ಸಲ. ಎಲೆ ಪಾತ್ರೆಯಲ್ಲಿರುವಾಗಲೇ ನೀರು ಬಗ್ಗಿಸಿದರೆ ಮರಳು ಮತ್ತೆ ಎಲೆಗೇ ಹತ್ತುತ್ತದೆ. ತೊಳೆಯದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಒಣಗಿಸುವುದಾದರೆ ನೆರಳಲ್ಲಿ, ಮುಟ್ಟಿದರೆ ಪುಡಿಯಾಗುವವರೆಗೆ.

ಜಾನುವಾರು ಮೇಯುವ ಜೌಗಿನಿಂದ ಅಥವಾ ಚರಂಡಿ ನೀರು ಹಾಯುವ ಕಡೆಯಿಂದ ಕಿತ್ತ ಎಲೆಯನ್ನು ಹಸಿಯಾಗಿ ತಿನ್ನಬೇಡಿ. ನೀರಿನಂಚಿನ ಗಿಡಗಳಿಗೆ ಯಕೃತ್ತಿನ ಹುಳುವಿನ ಮರಿಗಳು ಅಂಟಿಕೊಂಡಿರುತ್ತವೆ. ಉಪ್ಪುನೀರು, ವಿನಿಗರ್ ಇವನ್ನು ನಂಬುವಂತಿಲ್ಲ. ಚೆನ್ನಾಗಿ ಬೇಯಿಸುವುದೊಂದೇ ದಾರಿ.

ಅಡುಗೆಯಲ್ಲಿ ಒಂದು ಹಿಡಿ ಎಲೆ ಬಳಸುವುದು ಬೇರೆ, ಸಾರ ತೆಗೆದ ಮಾತ್ರೆ ನುಂಗುವುದು ಬೇರೆ. ಒಂದೆಲಗದ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಂಡ ಮೂವರು ಮಹಿಳೆಯರಿಗೆ ಯಕೃತ್ತಿನ ತೊಂದರೆಯಾದದ್ದು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಮಾತ್ರೆ ನಿಲ್ಲಿಸಿದ ಮೇಲೆ ಗುಣವಾಯಿತು. ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು, ದಿನವೂ ಔಷಧ ತೆಗೆದುಕೊಳ್ಳುವವರು ಇಂಥ ಮಾತ್ರೆ, ಪುಡಿಗಳ ವಿಚಾರದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಹಂತ 7: ಕುಂಡ ಹೊಸದು ಮಾಡುವುದು

ಎಲ್ಲರೂ ಬಿಡುವ ಹಂತ ಇದು, ಗಿಡ ಹೋಗುವುದೂ ಇದರಿಂದಲೇ. ಎಂಟು ಹತ್ತು ತಿಂಗಳಾಗುವಾಗ ಕುಂಡದ ನಡುಭಾಗದಲ್ಲಿ ಹಳೆಯ ಬೇರು, ಒಣ ಬಳ್ಳಿ ಹೆಣೆದುಕೊಂಡು ಚಾಪೆಯಾಗುತ್ತದೆ. ಮೇಲೆ ಹಾಕಿದ ನೀರು ಅಂಚಿಗೆ ಜಾರಿಹೋಗುತ್ತದೆ, ನಡುವೆ ಬೋಳಾಗುತ್ತದೆ. ಇದಕ್ಕೆ ಗೊಬ್ಬರ ಮದ್ದಲ್ಲ.

ಒಂದು ತಿಂಗಳು ಮೊದಲೇ ಕುಂಡದ ಸುತ್ತ ಐದಾರು ಸಣ್ಣ ಕಪ್ಪುಗಳಲ್ಲಿ ಇದೇ ಮಣ್ಣು ತುಂಬಿಡಿ. ಹೊರಗೆ ಹರಿದ ಬಳ್ಳಿಯ ಗೆಣ್ಣುಗಳನ್ನು, ತಾಯಿಗಿಡದಿಂದ ಕತ್ತರಿಸದೆಯೇ, ಅವುಗಳ ಮೇಲೆ ತಂತಿಯಿಂದ ಒತ್ತಿ. ಮೂರು ವಾರಕ್ಕೆ ಬೇರು ತುಂಬುತ್ತದೆ, ಆಗ ಬಳ್ಳಿ ಕತ್ತರಿಸಿ. ಈಗ ಕುಂಡವನ್ನು ಬೋರಲು ಹಾಕಿ, ಚಾಪೆಯನ್ನು ಕಾಂಪೋಸ್ಟಿಗೆ ಹಾಕಿ, ಅರ್ಧ ಮಣ್ಣು ತೆಗೆದು ಅಷ್ಟೇ ಹೊಸ ಮಿಶ್ರಣ ಸೇರಿಸಿ ಕಪ್ಪಿನ ಗಿಡಗಳನ್ನು ನೆಡಿ. ಎರಡು ಕಪ್ಪು ಬೇರೆ ಜಾಗದಲ್ಲಿ ಉಳಿಸಿಕೊಳ್ಳಿ, ಏನಾದರೂ ಎಡವಟ್ಟಾದರೆ ಬೀಜಗಿಡ ಕೈಯಲ್ಲಿರುತ್ತದೆ. ನೆಲದಲ್ಲೇ ಬೆಳೆಸುವವರಿಗೆ ತೊಂದರೆ ಉಲ್ಟಾ: ತಡೆಯದಿದ್ದರೆ ಹುಲ್ಲುಹಾಸನ್ನೆಲ್ಲ ಆಕ್ರಮಿಸುತ್ತದೆ. ಪಾತಿಯ ಸುತ್ತ ನೆಲದಿಂದ 10 ಸೆಂ.ಮೀ. ಮೇಲೇಳುವ ಅಂಚು ಕಟ್ಟಿ, ಅದನ್ನು ಹತ್ತಿ ಬಂದ ಬಳ್ಳಿಯನ್ನು ಆಗಾಗ ಕತ್ತರಿಸಿ.

ಎಲೆ ಹಳದಿಯಾದರೆ

ಯಾವ ಎಲೆ, ಎಲ್ಲಿಂದ ಹಳದಿ ಎಂದು ನೋಡದೆ ಔಷಧ ಹಾಕಬೇಡಿ.

ಬುಡದ ಒಂದೆರಡು ಹಳೆಯ ಎಲೆ ಹಳದಿಯಾಗುವುದು ಸಹಜ, ಕಿತ್ತುಹಾಕಿ. ಹಳೆಯ ಎಲೆಗಳೆಲ್ಲ ಒಟ್ಟಿಗೆ ಪೂರ್ತಿ ತಿಳಿಹಳದಿಯಾಗಿ, ಹೊಸವು ಸಣ್ಣದಾಗಿ ಬರುತ್ತಿದ್ದರೆ ಸಾರಜನಕ ಕಡಿಮೆ, ಗೊಬ್ಬರ ಹಾಕಿ. ಹೊಸ ಎಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಹೀಗಾಗುತ್ತದೆ. ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರು ತೆಗೆದುಕೊಳ್ಳಲಾರದು. ಕೆಲವು ವಾರ ಮಳೆನೀರು ಕೊಟ್ಟು, ಕಾಂಪೋಸ್ಟ್ ಸೇರಿಸಿ. ತುರ್ತಿದ್ದರೆ ಚೀಲೇಟೆಡ್ ಕಬ್ಬಿಣವನ್ನು (ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ) ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಹಾಕಿ.

ಹಳದಿಯ ಜೊತೆಗೆ ಎಲೆ ಬಾಡಿ, ಮಣ್ಣು ಹುಳಿ ವಾಸನೆ ಹೊಡೆಯುತ್ತಿದ್ದರೆ ಬೇರು ಕೊಳೆತಿದೆ. ಆ ಕುಂಡವನ್ನು ಉಳಿಸಲು ಹೆಣಗಬೇಡಿ. ತುದಿಯ ಒಳ್ಳೆಯ ಗೆಣ್ಣುಗಳನ್ನು ಕತ್ತರಿಸಿ ಹೊಸ ಮಣ್ಣಲ್ಲಿ ನೆಡಿ.

ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ನವಿರು ಬಲೆ ಇದ್ದರೆ ನುಸಿ. ಒಣ ಸೆಕೆಯಲ್ಲಿ ಬರುತ್ತದೆ. ಮೂರು ದಿನ ಎಲೆಯಡಿಗೆ ನೀರನ್ನು ಜೋರಾಗಿ ಸಿಂಪಡಿಸಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಒಂದು ವಾರ ಕೊಯ್ಲು ಬೇಡ. ಹಳದಿ ಅಂಚಿನ ಕಂದು ಚುಕ್ಕೆಗಳಾದರೆ ಶಿಲೀಂಧ್ರ: ಆ ಎಲೆಗಳನ್ನು ತೆಗೆದು ಗಾಳಿಯಾಡುವಂತೆ ತೆಳುಗೊಳಿಸಿ, ಸಂಜೆ ನೀರು ಹಾಕುವುದನ್ನು ನಿಲ್ಲಿಸಿ. ಎಲೆಯಲ್ಲಿ ತೂತು, ಮಣ್ಣಿನ ಮೇಲೆ ಹೊಳೆಯುವ ಲೋಳೆಯ ಗೆರೆ ಇದ್ದರೆ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ಉಪ್ಪು ಎರಚಬೇಡಿ, ಹುಳು ಸತ್ತರೂ ಉಪ್ಪು ಮಣ್ಣಲ್ಲೇ ಉಳಿಯುತ್ತದೆ.

ಇವು ಯಾವುದೂ ಅಲ್ಲದೆ ಗಿಡ ಬೆಳೆಯದೇ ನಿಂತಿದ್ದರೆ ಒಂದು ಗೆಣ್ಣು ಕಿತ್ತು ಬೇರು ನೋಡಿ. ಸಾಸಿವೆಯಿಂದ ಕಾಳಿನ ಗಾತ್ರದ ಗಂಟುಗಳಿದ್ದರೆ ಅದು ಬೇರುಗಂಟು ಜಂತು, ಬರಿಗಣ್ಣಿಗೆ ಕಾಣದ ದಾರದಂಥ ಹುಳು. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ಬೇರೇ ಇಳಿಯದ, ಗಾಳಿಯಲ್ಲಿ ತೂಗುವ ತುದಿಗಳನ್ನು ಮಾತ್ರ ಕತ್ತರಿಸಿ ತೊಳೆದು ಹೊಸದಾಗಿ ನೆಡಿ. ಹಳೆಯ ಕುಂಡವನ್ನು ಉಜ್ಜಿ ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಮೇಲೆ ಮತ್ತೆ ತುಂಬಿ.